ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಉಪಚಾರ ಮತ್ತು ಮಾತಿನ ಮರ್ಯಾದೆ

ಧಾರವಾಡ ಜಿಲ್ಲೆಯ ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಗೆ ಬಂದವರನ್ನು ಕರೆದು ಕೂಡಿಸಿ ಉಣಿಸಿ ಕಳಿಸುವುದಕ್ಕೂ, ಜನ ಒಬ್ಬರನ್ನೊಬ್ಬರು ಮಾತಾಡಿಸುವುದಕ್ಕೂ ಬರೆದಿಡದ ಕಟ್ಟಳೆಗಳಿವೆ. ಈ ಲೇಖನ ಆ ಕಟ್ಟಳೆಗಳನ್ನು ಕುರಿತದ್ದು. ಊರಿಗೆ ಹೊಸಬರಾಗಿ ಬರುವ ಶಿಕ್ಷಕರು, ಬ್ಯಾಂಕಿನ ಸಿಬ್ಬಂದಿ, ಕ್ಷೇತ್ರಕಾರ್ಯಕ್ಕೆ ಬರುವ ವಿದ್ಯಾರ್ಥಿಗಳು, ಮದುವೆಗೆ ಬರುವ ದೂರದ ಬೀಗರು ಇವರೆಲ್ಲ ಮೊದಲು ಎದುರಾಗುವುದು ಇವುಗಳಿಗೇ. ಕಟ್ಟಳೆಗಳು ನೂರಾರು ಇದ್ದರೂ ಅವುಗಳ ಬುಡದಲ್ಲಿರುವ ನಿಯಮ ಒಂದೇ: ಎದುರಿಗೆ ಬಂದ ಮನುಷ್ಯನನ್ನು ಮಾತಾಡಿಸದೆ ನಿಲ್ಲಿಸಬಾರದು. ಈ ನಿಯಮ ಎಲ್ಲ ಮನುಷ್ಯರಿಗೂ ಸಮನಾಗಿ ಸಂದಿತೇ ಎಂಬುದು ಬೇರೆ ಪ್ರಶ್ನೆ. ಅದನ್ನು ಬಿಟ್ಟು ಈ ವಿಷಯವನ್ನು ಬರೆಯಲಾಗದು.

ಸೀಮೆ ಮತ್ತು ಹಿನ್ನೆಲೆ

ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ನೆಲ ಒಂದೇ ಅಲ್ಲ. ಬಮ್ಮಿಗಟ್ಟಿಯಂಥ ಊರುಗಳಿರುವ ಕಲಘಟಗಿ ತಾಲ್ಲೂಕು ಅರೆಮಲೆನಾಡು. ಭತ್ತ, ಗೋವಿನಜೋಳ ಬೆಳೆಯುವ, ಪಡುವಣಕ್ಕೆ ಹೋದಂತೆ ಕಾಡು ಹತ್ತಿರವಾಗುವ ಪ್ರದೇಶ. ನವಲಗುಂದ, ಅಣ್ಣಿಗೇರಿ ಕಡೆ ಕಣ್ಣು ಹಾಯುವವರೆಗೂ ಎರಿಭೂಮಿ. ಅಲ್ಲಿಯದು ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿಯ ಬದುಕು. ಹೀಗಾಗಿ ಬೀಗರ ತಾಟಿಗೆ ಬೀಳುವ ಅಡುಗೆ ಊರಿಂದೂರಿಗೆ ಬೇರೆ. ಬಡಿಸುವ ಒತ್ತಾಯ ಮಾತ್ರ ಎಲ್ಲೆಡೆ ಒಂದೇ.

ಈ ನಾಡಿನ ಜನ ಮಾತು ಬಲ್ಲವರು ಎಂಬ ಹೆಸರು ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಎಣಿಸುತ್ತದೆ. ಅದು ಕುಂದಗೋಳಕ್ಕೆ ದೂರವಲ್ಲ. ಅಣ್ಣಿಗೇರಿ ಬೆಳ್ವೊಲ ಮುನ್ನೂರು ಎಂಬ ಹಳೆಯ ಆಡಳಿತ ವಿಭಾಗದ ಮುಖ್ಯ ಪಟ್ಟಣವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಂದವರನ್ನು ವಿಚಾರಿಸದ, ಕುಳ್ಳಿರಿಸದ, ಒಡನೆ ನುಡಿಯದ ಮನೆಯವರನ್ನು ಒಂದು ವಚನದಲ್ಲಿ ನೇರವಾಗಿ ಬೈದಿದ್ದಾರೆ. ಒಂದು ಒಳ್ಳೆಯ ಮಾತಿನಿಂದ ಯಾರ ಸಿರಿಯೂ ಕರಗಿಹೋಗುವುದಿಲ್ಲ ಎಂಬುದು ಅದರ ಹುರುಳು. ಆ ವಚನ ಈ ಸೀಮೆಯ ಅನೇಕರಿಗೆ ಬಾಯಿಪಾಠ. ಮನೆಯಲ್ಲಿ ಹುಡುಗರು ಬಂದವರನ್ನು ಮಾತಾಡಿಸದೆ ಒಳಗೆ ಓಡಿದರೆ ಹಿರಿಯರು ಇಂದಿಗೂ ಅದನ್ನೇ ನೆನಪಿಸುತ್ತಾರೆ.

1956ರ ನವೆಂಬರ್ 1ರವರೆಗೆ ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮರಾಠಿಯ ಒಡನಾಟ ಸಂಬಂಧಗಳ ಹೆಸರಿನಲ್ಲೂ ಉಪಚಾರದಲ್ಲೂ ಉಳಿದಿದೆ. ಕಾಕಾ, ಮಾಮಾ, ವೈನಿ, ಮಾಸ್ತರ, ಸಾಹೇಬ್ರು, ಚಾ ಇವೆಲ್ಲ ಈಗ ಇಲ್ಲಿನವೇ.

ಮಾತಾಡಿಸುವ ಕ್ರಮ

ಧಾರವಾಡದ ಮಾತಿನಲ್ಲಿ ಮರ್ಯಾದೆಯೆಲ್ಲ ‘ರಿ’ ಎಂಬ ಒಂದು ಅಕ್ಷರದ ಮೇಲೆ ನಿಂತಿದೆ. ಹೌದ್ರಿ, ಇಲ್ರಿ, ಬ್ಯಾಡ್ರಿ, ಯಾಕ್ರಿ, ಅಲ್ರಿ ಎಂದು ಅದು ಯಾವ ಮಾತಿನ ಬಾಲಕ್ಕಾದರೂ ಹತ್ತುತ್ತದೆ. ಹೆಸರು, ಹುದ್ದೆ, ಊರು ಒಂದೂ ಗೊತ್ತಿಲ್ಲದ ಅಪರಿಚಿತನನ್ನು ‘ರೀ’ ಎಂದು ಕರೆಯಬಹುದು. ಹೆಂಡತಿ ಗಂಡನನ್ನು ಕರೆಯುವುದೂ ಹಾಗೆಯೇ. ಮೈಸೂರು ಕಡೆಯಿಂದ ಬಂದವರು ‘ಸಾರ್’, ‘ಮೇಡಂ’ ಎಂದು ಶುರುಮಾಡುತ್ತಾರೆ. ಇಲ್ಲಿ ಅದು ಕಚೇರಿಯ ಮಾತಾಗಿ ಕೇಳಿಸುತ್ತದೆ. ಎರಡು ದಿನ ಇದ್ದು ‘ರಿ’ ಹಚ್ಚುವುದನ್ನು ಕಲಿತವರಿಗೆ ಊರು ಬೇಗ ತೆರೆದುಕೊಳ್ಳುತ್ತದೆ.

ಆದರೆ ‘ರಿ’ ಇಲ್ಲದ ಮಾತೆಲ್ಲ ಅಗೌರವವಲ್ಲ. ತಾಯಿಗೆ ಬಹುವಚನವಿಲ್ಲ, ‘ಯವ್ವಾ, ನೀ ಉಂಡಿಯಿಲ್ಲೋ?’ ಎಂದೇ ಬೆಳೆದ ಮಗ ಕೇಳುತ್ತಾನೆ. ದೇವರಿಗೂ ಏಕವಚನವೇ. ಹಿರಿಯ ಹೆಣ್ಣುಮಕ್ಕಳನ್ನು ಸಲುಗೆಯಿಂದ ಮಾತಾಡಿಸುವಾಗ ‘ಬೇ’ ಸೇರುತ್ತದೆ: ‘ಬಾರಬೇ’, ‘ಹೌದಬೇ’. ಓರಗೆಯ ಗೆಳೆಯರಲ್ಲಿ ‘ಲೇ’ ನಡೆಯುತ್ತದೆ. ಕೂಡಿ ಆಡಿ ಬೆಳೆದವರು ಒಬ್ಬರಿಗೊಬ್ಬರು ‘ರಿ’ ಎಂದರೆ ನಡುವೆ ಏನೋ ಕೆಟ್ಟಿದೆ ಎಂದು ಕಟ್ಟೆಯ ಮೇಲೆ ಕೂತವರು ತಿಳಿಯುತ್ತಾರೆ. ಹೊಸಬರು ಈ ಸಲುಗೆಯ ಮಾತುಗಳನ್ನು ಕೇಳಿಸಿಕೊಂಡು ತಾವೂ ಬಳಸಲು ಹೋಗಬಾರದು. ಅವನ್ನು ಆಡುವ ಹಕ್ಕು ಒಡನಾಟದಿಂದ ಬರಬೇಕು.

ಫ್ರಾನ್ಸಿನಲ್ಲಿಯೂ ಇಂಥದೇ ಎಚ್ಚರವಿದೆ. ಅಲ್ಲಿ ‘ತ್ಯು’ ಏಕವಚನ, ‘ವೂ’ ಮರ್ಯಾದೆಯ ಬಹುವಚನ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಹಿರಿಯರೋ ಮೇಲಿನವರೋ ಮೊದಲು ಅನುಮತಿ ಕೊಡಬೇಕು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರ ಸುಮಾರಿಗೆ, ಎಲ್ಲರೂ ಸಮಾನರೆಂದು ಎಲ್ಲರಿಗೂ ‘ತ್ಯು’ ಬಳಸುವ ಯತ್ನ ನಡೆದು ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು. ಅಲ್ಲಿ ಅಂಗಡಿಗೆ ಹೊಕ್ಕವರು ‘ಬೊಂಜೂರ್’ ಎನ್ನದೆ ನೇರವಾಗಿ ಬೆಲೆ ಕೇಳಿದರೆ ಒರಟುತನ. ನಮ್ಮ ಹಳ್ಳಿಗಳಲ್ಲಿಯೂ ನೇರವಾಗಿ ಕೆಲಸದ ಮಾತಿಗೆ ಇಳಿಯುವುದು ಒರಟುತನವೇ, ಆದರೆ ಅದನ್ನು ತಪ್ಪಿಸುವ ದಾರಿ ಬೇರೆ. ಇಲ್ಲಿ ಒಂದು ನಮಸ್ಕಾರದ ಶಬ್ದ ಸಾಲದು, ವಿಚಾರಣೆ ಬೇಕು. ‘ಆರಾಮ ಅದೀರೇನ್ರಿ? ಮನ್ಯಾಗ ಎಲ್ಲಾರೂ ಆರಾಮೇನ್ರಿ? ಮಳಿ ಹ್ಯಾಂಗೈತ್ರಿ ನಿಮ್ಮ ಕಡೆ?’ ಇವು ಮೂರೂ ಆದಮೇಲೆ ಬಂದ ಕೆಲಸ. ಮಳೆಯನ್ನು ಕೇಳುವುದು ಹೊತ್ತು ಕಳೆಯಲು ಅಲ್ಲ. ಒಕ್ಕಲುತನದವನ ವರ್ಷ ಹೇಗೆ ಸಾಗಿದೆ ಎಂದು ಅವನ ಮನಸ್ಸಿಗೆ ನೋವಾಗದಂತೆ ಕೇಳುವ ರೀತಿ ಅದು.

ನಮಸ್ಕಾರದ ಶಬ್ದಗಳು ಸಮುದಾಯಕ್ಕೆ ತಕ್ಕಂತೆ ಬದಲಾಗುತ್ತವೆ. ಲಿಂಗಾಯತರಲ್ಲಿ ‘ಶರಣ್ರಿ’, ‘ಶರಣು ಶರಣಾರ್ಥಿ’, ಮರಾಠರಲ್ಲಿ ‘ರಾಮ್ ರಾಮ್ರಿ’, ಮುಸಲ್ಮಾನರಲ್ಲಿ ‘ಸಲಾಂ’, ಜೈನರಲ್ಲಿ ‘ಜಯ ಜಿನೇಂದ್ರ’. ‘ನಮಸ್ಕಾರ್ರಿ’ ಎಲ್ಲರಿಗೂ ಸಲ್ಲುತ್ತದೆ. ಎದುರಿನವರ ಶಬ್ದದಲ್ಲಿಯೇ ಉತ್ತರಿಸುವವರನ್ನು ಊರು ಮೆಚ್ಚುತ್ತದೆ.

ಅಪರಿಚಿತರನ್ನು ಸಂಬಂಧದ ಹೆಸರಿನಿಂದ ಕರೆಯುವುದು ರೂಢಿ. ವಯಸ್ಸು ನೋಡಿ ಅಣ್ಣಾರ, ಅಕ್ಕಾರ, ಕಾಕಾ, ದೊಡ್ಡಪ್ಪ, ಅಜ್ಜಾರ, ಯವ್ವಾ, ತಮ್ಮಾ, ತಂಗಿ ಎನ್ನುತ್ತಾರೆ. ಶಾಲೆಯ ಶಿಕ್ಷಕಿ ಅಕ್ಕೋರು, ಶಿಕ್ಷಕ ಮಾಸ್ತರ್ರು. ಮಠದ ಸ್ವಾಮಿಗಳು ಅಪ್ಪಾವ್ರು ಅಥವಾ ಅಜ್ಜಾರು. ಹುಬ್ಬಳ್ಳಿಯ ಸಿದ್ಧಾರೂಢರು ಸುತ್ತಲಿನ ಹಳ್ಳಿಗಳಿಗೆಲ್ಲ ಅಜ್ಜಾರೇ. ಹಿರಿಯರನ್ನು ಬರಿ ಹೆಸರು ಹಿಡಿದು ಕರೆಯುವುದು ತಪ್ಪು. ಹೆಸರಿಗೆ ಅಪ್ಪ, ಅಣ್ಣ, ಗೌಡ್ರು, ಅವ್ವ, ಅಕ್ಕ ಯಾವುದಾದರೂ ಹತ್ತಲೇಬೇಕು.

ಹೊಸಬರನ್ನು ‘ಯಾವೂರ್ರಿ?’ ಎಂದು ಕೇಳುತ್ತಾರೆ. ಊರು ಹೇಳಿದ ಕೂಡಲೇ ‘ಅಲ್ಲಿ ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಮಕ್ಕಳೆಷ್ಟು, ನೌಕರಿ ಏನು, ಹೊಲ ಎಷ್ಟು ಎಂದೂ ಕೇಳಿಯಾರು. ಫ್ರೆಂಚರಲ್ಲಿ ಮೊದಲ ಭೇಟಿಯಲ್ಲೇ ಸಂಬಳ ಸಂಸಾರ ಕೇಳುವುದು ಸಭ್ಯತೆಯ ಗಡಿ ದಾಟಿದಂತೆ. ಇಲ್ಲಿ ಕೇಳದೆ ಇರುವುದೇ ಉದಾಸೀನ. ಕೇಳುವವರಿಗೆ ಬೇಕಾದದ್ದು ಬಂದವರನ್ನು ತಮ್ಮ ತಿಳಿವಳಿಕೆಯ ಬಂಧುಬಳಗದೊಳಗೆ ಎಲ್ಲಾದರೂ ಕೂಡಿಸುವ ಒಂದು ಎಳೆ. ಆದರೆ ಇದೇ ಪ್ರಶ್ನೆ ಜಾತಿಯನ್ನು ಅಳೆಯುವ ಕೋಲೂ ಆಗಬಲ್ಲದು. ಕೇಳುವವರ ದನಿಯಿಂದಲೇ ಎರಡರ ಭೇದ ತಿಳಿಯಬೇಕು.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದರ ಬದಲು ‘ದೂರ ಹೊಂಟೀರೇನ್ರಿ?’ ಎನ್ನುತ್ತಾರೆ. ಕೆಟ್ಟ ಮಾತನ್ನು ಬಾಯಲ್ಲಿ ಆಡಬಾರದೆಂಬ ಎಚ್ಚರ ಮನೆಯೊಳಗೂ ಇದೆ. ದೀಪ ‘ಆರಿಸು’ ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತಾರೆ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ಹಿರಿಯ ಹೆಣ್ಣುಮಕ್ಕಳು ‘ಹೆಚ್ಚೈತಿ’ ಎನ್ನುತ್ತಾರೆ.

ನೀರು, ಚಾ, ಊಟ

ಮನೆಯ ಮುಂದಿನ ಕಟ್ಟೆ ಎಲ್ಲರದು. ಅಲ್ಲಿ ಕೂಡಲು ಯಾರನ್ನೂ ಕೇಳಬೇಕಿಲ್ಲ. ಒಳಗಿನ ಪಡಸಾಲೆಗೆ ‘ಬರ್ರಿ, ಒಳಗ ಬರ್ರಿ’ ಎಂದು ಕರೆದಾಗ ಹೋಗಬೇಕು, ಚಪ್ಪಲಿಯನ್ನು ಹೊರಗೆ ಬಿಡಬೇಕು. ಅಡುಗೆಮನೆ ಮತ್ತು ದೇವರಮನೆಗೆ ಕರೆಯದೆ ಕಾಲಿಡುವಂತಿಲ್ಲ. ಹೊಸ್ತಿಲ ಮೇಲೆ ನಿಲ್ಲಬಾರದು, ಕೂಡಬಾರದು, ಹೊಸ್ತಿಲ ಆಚೆ ಈಚೆ ನಿಂತು ಸಾಮಾನು ಕೊಟ್ಟು ತೆಗೆದುಕೊಳ್ಳಬಾರದು. ಬಂದವರಿಗೆ ಕಂಬಳಿಯನ್ನೋ ಜಮಖಾನೆಯನ್ನೋ ಹಾಸುವುದು ಮರ್ಯಾದೆ. ನವಲಗುಂದದ ಜಮಖಾನೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅವುಗಳ ಮೇಲೆ ಎಷ್ಟೋ ಮನೆತನಗಳ ಮದುವೆಯ ಮಾತುಕತೆಗಳು ಮುಗಿದಿವೆ. ಈಗ ಬಹಳ ಮನೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಕುರ್ಚಿ ಕೊಟ್ಟರೂ ಮನೆಯ ಹಿರಿಯರು ನೆಲದ ಮೇಲಿದ್ದರೆ ಬಂದವರೂ ನೆಲದ ಮೇಲೆ ಕೂಡುವುದು ಚಂದ.

ಮೊದಲು ಬರುವುದು ನೀರು. ತಂಬಿಗೆಯಲ್ಲಿ ನೀರು, ಜೊತೆಗೆ ಬೆಲ್ಲದ ಚೂರು ಕೊಡುವುದು ಹಳೆಯ ಪದ್ಧತಿ. ಬಿಸಿಲಲ್ಲಿ ನಡೆದು ಬಂದವನಿಗೆ ಬರಿ ನೀರು ಒಮ್ಮೆಲೇ ಕುಡಿಸಬಾರದೆಂಬ ಕಾಳಜಿ ಅದರಲ್ಲಿದೆ. ಬಾಯಾರಿಕೆ ಇರಲಿ ಬಿಡಲಿ ಒಂದು ಗುಟುಕಾದರೂ ಕುಡಿಯಬೇಕು. ನೀರು ಬೇಡವೆಂದರೆ ಮನೆಯೇ ಬೇಡವೆಂದಂತೆ.

ನೀರಾದ ಮೇಲೆ ಚಾ. ‘ಬ್ಯಾಡ್ರಿ’ ಎಂಬ ಮೊದಲ ಉತ್ತರವನ್ನು ಇಲ್ಲಿ ಯಾರೂ ನಿಜವೆಂದು ನಂಬುವುದಿಲ್ಲ. ಸಂಕೋಚದಿಂದ ಒಮ್ಮೆ ಬೇಡವೆನ್ನುವುದು ಬಂದವರ ಧರ್ಮ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಮನೆಯವರ ಧರ್ಮ. ನಿಜವಾಗಿಯೂ ಬೇಡವಿದ್ದರೆ ಕಾರಣ ಹೇಳಬೇಕು: ಸಕ್ಕರೆ ಬೇನೆ, ಉಪವಾಸ, ಈಗಷ್ಟೇ ಕುಡಿದದ್ದು. ಆಗ ‘ಹಂಗಾದ್ರ ಹಾಲರ ಕುಡೀರಿ’ ಎಂಬ ಮಾತು ಬರುತ್ತದೆ. ಅರ್ಧ ಕಪ್ಪಿಗೆ ಒಪ್ಪುವುದು ಇಬ್ಬರಿಗೂ ಅನುಕೂಲ.

ಊಟದ ಹೊತ್ತಿಗೆ ಮನೆಯಲ್ಲಿದ್ದವರನ್ನು ಉಣ್ಣದೆ ಕಳಿಸುವಂತಿಲ್ಲ. ‘ಊಟಾ ಆತೇನ್ರಿ?’ ಎಂಬುದು ಕುಶಲ ಪ್ರಶ್ನೆಯೂ ಹೌದು, ಕರೆಯೂ ಹೌದು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಯ ಪಲ್ಯ, ಝುಣಕ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಕೊನೆಗೆ ಅನ್ನ ಸಾರು ಇದು ಸಾಮಾನ್ಯ ದಿನದ ಊಟ. ಬೀಗರು ಬಂದರೆ ಹೋಳಿಗೆ ಇಲ್ಲವೆ ಮಾದಲಿ. ಬಲಗೈಯಲ್ಲೇ ಉಣ್ಣಬೇಕು, ಬಡಿಸಿಕೊಳ್ಳುವಾಗ ಎಡಗೈ ಮುಂದೆ ಬರಬಾರದು. ರೊಟ್ಟಿ ಮೂರು ಎಂಬ ಎಣಿಕೆಯಲ್ಲಿ ಬಡಿಸಬಾರದೆನ್ನುವ ಮನೆಗಳಿವೆ. ಹಿರಿಯರು ತುತ್ತು ಎತ್ತುವ ತನಕ ಕಿರಿಯರು ಕಾಯುತ್ತಾರೆ; ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮುನ್ನ ಒಬ್ಬರೇ ಏಳುವುದು ಸರಿಯಲ್ಲ. ‘ಸಾಕ್ರಿ’ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತದೆ. ‘ನಮ್ಮಾಣಿ ಐತಿ ನಿಮಗ’ ಎಂದು ಆಣೆ ಇಟ್ಟು ಬಡಿಸುವವರೂ ಇದ್ದಾರೆ. ಹೀಗಾಗಿ ಅನುಭವಿಗಳು ಮೊದಲೇ ಸ್ವಲ್ಪ ಹಸಿವು ಉಳಿಸಿಕೊಂಡು ಉಣ್ಣುತ್ತಾರೆ. ತಾಟಿನಲ್ಲಿ ಬಿಡುವುದು ಅನ್ನಕ್ಕೂ ಬಡಿಸಿದವರಿಗೂ ಮಾಡುವ ಅಗೌರವ. ಲಿಂಗಾಯತ ಮನೆಗಳಲ್ಲಿ ಹಿರಿಯರು ಉಂಡ ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನು ಕುಡಿಯುತ್ತಾರೆ. ಅನ್ನವನ್ನು ಪ್ರಸಾದವೆಂದು ಕಾಣುವ ನಡೆ ಅದು. ಹೊಸಬರು ಅಚ್ಚರಿಯಿಂದ ನೋಡುತ್ತ ಕೂಡಬಾರದು.

ಉಂಡ ಮೇಲೆ ‘ಧನ್ಯವಾದ’ ಎನ್ನುವ ವಾಡಿಕೆ ಇಲ್ಲ. ಫ್ರಾನ್ಸಿನಲ್ಲಿ ಉಪ್ಪಿನ ಡಬ್ಬಿ ಸರಿಸಿದವರಿಗೂ ‘ಮೆರ್ಸಿ’ ಸಲ್ಲುತ್ತದೆ. ಇಲ್ಲಿ ಮನೆಯಾಕೆಗೆ ಧನ್ಯವಾದ ಹೇಳಿದರೆ ಲೆಕ್ಕ ಚುಕ್ತಾ ಮಾಡಿದಂತೆ ಕೇಳಿಸೀತು. ‘ಹೊಟ್ಟಿ ತುಂಬಿತ್ರಿ’, ‘ಪಲ್ಯ ಭಾಳ ಚಲೋ ಆಗಿತ್ರಿ’ ಎಂದರೆ ಸಾಕು, ಆಕೆಗೆ ತಲುಪಬೇಕಾದದ್ದು ತಲುಪುತ್ತದೆ. ಇನ್ನೊಂದು ಮಾತು: ಹೊಗಳಿಕೆಯನ್ನು ಪಡಸಾಲೆಯಲ್ಲಿ ಕೂತ ಗಂಡಸಿಗೆ ಹೇಳಿ ಬರುವ ಚಟ ಹೊರಗಿನವರಲ್ಲಿದೆ. ಅಡುಗೆ ಮಾಡಿದಾಕೆಯನ್ನು ಕಂಡು ಹೇಳಿ ಹೋಗುವುದೇ ನಿಜವಾದ ಮರ್ಯಾದೆ.

ಬರುವಾಗ ಬರಿಗೈಲಿ ಬರಬಾರದು. ಪೇಟೆಯಿಂದ ಬರುವವರು ಬಾಳೆಹಣ್ಣು, ಬಿಸ್ಕತ್ತು, ಧಾರವಾಡದ ಫೇಡೆ ತರುತ್ತಾರೆ. ತಂದದ್ದನ್ನು ಮನೆಯ ಮಕ್ಕಳ ಕೈಗೋ ಹಿರಿಯಾಕೆಯ ಕೈಗೋ ಕೊಡಬೇಕು. ಹಸುಗೂಸನ್ನು ಮೊದಲ ಸಲ ಕಂಡಾಗ ಅದರ ಮುಷ್ಟಿಯಲ್ಲಿ ಹಣ ಇಡುತ್ತಾರೆ. ನೆರೆಮನೆಯಿಂದ ಪಲ್ಯ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ದೀಪ ಹಚ್ಚುವ ಹೊತ್ತಿಗೆ ಹಾಲು, ಮೊಸರು, ಉಪ್ಪು, ಹಣ ಕೇಳಲು ಹೋಗಬಾರದು.

ಹೊರಡುವಾಗ ‘ಹೋಗ್ತೀನಿ’ ಎನ್ನುವಂತಿಲ್ಲ. ‘ಹೋಗಿ ಬರ್ತೀನ್ರಿ’ ಎನ್ನಬೇಕು. ಮನೆಯವರೂ ‘ಹೋಗ್ರಿ’ ಎನ್ನುವುದಿಲ್ಲ. ‘ಹಂಗಾದ್ರ ಬರ್ರಿ, ಮತ್ತ ಬರ್ರಿ’ ಎಂದು ಅಂಗಳದವರೆಗೆ, ಕೆಲವೊಮ್ಮೆ ಬಸ್ಸಿನವರೆಗೆ ಬರುತ್ತಾರೆ. ಈ ಬೀಳ್ಕೊಡುಗೆಗೆ ಅರ್ಧ ತಾಸು ಹಿಡಿಯುವುದು ಸಾಮಾನ್ಯ. ಮುಖ್ಯ ಮಾತುಗಳು ಹೊರಬರುವುದು ಆಗಲೇ.

ಹೆಣ್ಣುಮಕ್ಕಳ ನಡುವಿನ ಉಪಚಾರ

ಮನೆಗೆ ಬಂದ ಮುತ್ತೈದೆಗೆ ಅರಿಸಿನ ಕುಂಕುಮ ಕೊಡದೆ ಕಳಿಸುವುದಿಲ್ಲ. ಬಹಳ ದಿನಕ್ಕೆ ಬಂದವಳಾದರೆ ಉಡಿ ತುಂಬುತ್ತಾರೆ: ಕುಬಸದ ಖಣ, ಅಕ್ಕಿ ಇಲ್ಲವೆ ಗೋದಿ, ತೆಂಗಿನಕಾಯಿ, ಎಲೆ ಅಡಿಕೆ, ಉತ್ತತ್ತಿ, ಅರಿಸಿನ ಬೇರು. ಉಡಿಯನ್ನು ಸೆರಗಿನಲ್ಲೇ ಹಿಡಿದುಕೊಳ್ಳಬೇಕು. ಈ ಉಪಚಾರದಿಂದ ಗಂಡ ತೀರಿದ ಹೆಣ್ಣುಮಗಳನ್ನು ಹೊರಗಿಟ್ಟದ್ದು ಕ್ರೂರ ಕಟ್ಟಳೆ. ತಾನೇ ಹೆತ್ತ ಮಗಳ ಕುಬಸದ, ಅಂದರೆ ಸೀಮಂತದ ದಿನ ತಾಯಿ ಅಡುಗೆಮನೆಯ ಮೂಲೆಯಲ್ಲಿ ನಿಲ್ಲುವಂತೆ ಮಾಡುವುದನ್ನು ಯಾವ ಪರಂಪರೆಯ ಹೆಸರಿನಿಂದಲೂ ಸಮರ್ಥಿಸಲಾಗದು. ಅಂಥ ತಾಯಿಯನ್ನೂ ಕರೆದು ಕುಂಕುಮ ಹಚ್ಚುವ ಮನೆಗಳು ಈಗ ಅಲ್ಲಲ್ಲಿ ಕಾಣುತ್ತಿವೆ.

ಹೆಂಡತಿ ಗಂಡನ ಹೆಸರು ಹೇಳಬಾರದೆಂಬ ಹಳೆಯ ನಿಷೇಧದಿಂದ ಹುಟ್ಟಿದ ಸೊಗಸಾದ ಕಲೆ ಒಡಪು. ಮದುವೆಯಲ್ಲಿ, ಕುಬಸದಲ್ಲಿ, ಆರತಿಯ ಹೊತ್ತಿನಲ್ಲಿ ‘ಹೆಸರು ಹೇಳು’ ಎಂದು ಸುತ್ತಲಿನವರು ಬೆನ್ನು ಹತ್ತಿದಾಗ ಪ್ರಾಸ ಕಟ್ಟಿ, ಊರು, ಹಬ್ಬ, ಹೂವು, ಬೆಳೆಗಳನ್ನು ತಂದು ಕೊನೆಗೆ ಗಂಡನ ಹೆಸರನ್ನು ಜಾಣ್ಮೆಯಿಂದ ಸೇರಿಸುತ್ತಾರೆ. ಒಡಪು ಬಾರದ ಹೊಸ ಸೊಸೆಗೆ ಅತ್ತೆಯೋ ನಾದಿನಿಯೋ ಕಿವಿಯಲ್ಲಿ ಹೇಳಿಕೊಡುವುದುಂಟು. ಮಾತಾಡಬಾರದೆಂಬ ಕಟ್ಟಳೆಯೊಳಗೇ ಮಾತಿನ ಹಬ್ಬ ಮಾಡಿಕೊಂಡ ಈ ಹೆಣ್ಣುಮಕ್ಕಳ ಪ್ರತಿಭೆ ದೊಡ್ಡದು. ಈ ಒಡಪುಗಳು ಸಂಗ್ರಹವಾಗುವುದಕ್ಕಿಂತ ವೇಗವಾಗಿ ಮರೆತುಹೋಗುತ್ತಿವೆ.

ಚೊಚ್ಚಲ ಹೆರಿಗೆ ತವರಿನ ಹೊಣೆ. ಬಣ್ಣದ ಚಿತ್ರ ಬರೆದ ಕಟ್ಟಿಗೆಯ ತೊಟ್ಟಿಲಿಗೆ ಕಲಘಟಗಿ ಹೆಸರಾಗಿದ್ದು, ತವರಿನವರು ಅದನ್ನು ಮಗಳಿಗೆ ಕೊಡುವುದು ಪ್ರತಿಷ್ಠೆಯ ಸಂಗತಿ. ಬರಿ ತೊಟ್ಟಿಲನ್ನು ತೂಗಬಾರದು. ನೋಡಲು ಬಂದವರು ಚಂದವೆಂದು ಕೈಹಚ್ಚಿ ತೂಗಿದರೆ ಮನೆಯವರ ಮುಖ ಬಾಡುತ್ತದೆ. ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಅದು ನಗೆಯ ಹಕ್ಕು, ಹೊಸಬರು ಜಗಳವೆಂದು ತಿಳಿಯಬಾರದು.

ಹಬ್ಬ ಮತ್ತು ಕರೆಯುವ ರೀತಿ

ಕೆಲವು ಹಬ್ಬಗಳು ಇರುವುದೇ ಮುರಿದ ಮಾತನ್ನು ಕೂಡಿಸಲು. ದಸರೆಯಲ್ಲಿ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತಾರೆ. ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣ ಎನ್ನುತ್ತಾರೆ. ಕಿರಿಯರು ಮನೆಮನೆಗೆ ಹೋಗಿ ಹಿರಿಯರ ಕಾಲು ಮುಟ್ಟುತ್ತಾರೆ. ಬದುವಿನ ಜಗಳದಿಂದ ವರ್ಷವಿಡೀ ಮುಖ ತಿರುವಿಕೊಂಡವರೂ ಆ ದಿನ ಬನ್ನಿ ಕೊಡಲು ಬಂದರೆ ಬಾಗಿಲು ಹಾಕುವಂತಿಲ್ಲ. ಕೋರ್ಟು ಕಚೇರಿಗಳಿಗೆ ಅಲೆದರೂ ತೀರದ ಎಷ್ಟೋ ವ್ಯಾಜ್ಯಗಳಿಗೆ ಈ ಒಂದು ಎಲೆ ಮೊದಲ ಮೆಟ್ಟಿಲಾಗಿದೆ. ಹಾಗಾಗಿ ಕೊಟ್ಟ ಬನ್ನಿಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು.

ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಲ್ಲಿ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಎಡೆ ಆದಮೇಲೆ ಹೊಲದ ನಡುವೆ ಕೂತು ಉಣ್ಣುವ ಸಜ್ಜೆರೊಟ್ಟಿ, ಕಡಬು, ಕಾಳಿನ ಪಲ್ಯಕ್ಕೆ ದಾರಿಹೋಕರನ್ನೂ ಕೂಗಿ ಕರೆಯುತ್ತಾರೆ. ಕರೆದಾಗ ಹೋಗಿ ಒಂದು ತುತ್ತಾದರೂ ಉಣ್ಣುವುದು ಒಕ್ಕಲಿಗನಿಗೆ ಶುಭ ಕೋರಿದಂತೆ. ನಾಗರಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಕರೆತರದೆ ಮಗಳು ತವರಿಗೆ ಬರುವುದಿಲ್ಲ. ಮೊಹರಂ ಹಬ್ಬದಲ್ಲಿ ಈ ಸೀಮೆಯ ಹಳ್ಳಿಗಳ ಹಿಂದೂಗಳೂ ಪಂಜಾಗಳಿಗೆ ಸಕ್ಕರೆ ಓದಿಸುತ್ತಾರೆ, ಹೆಜ್ಜೆಮೇಳದಲ್ಲಿ ಕುಣಿಯುತ್ತಾರೆ.

ಮದುವೆಗೆ ಮನೆಗೆ ಬಂದು ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ‘ಮನಿಮಂದಿ ಕೂಡಿ ಬರ್ರಿ’ ಎಂದು ಬಾಯಿಂದ ಕರೆಯಬೇಕು. ಪತ್ರಿಕೆ ಕೈಗಿಟ್ಟು ಹೋದರೆ ಕರೆದಂತಲ್ಲ. ಬೀಗರಲ್ಲಿ ಯಾರನ್ನು ಮೊದಲು ಕರೆದರು, ಆಯೇರಿಯ, ಅಂದರೆ ಮದುವೆಯ ಉಡುಗೊರೆಯ ಸೀರೆ ಯಾರಿಗೆ ಎಂಥದು ಬಂತು ಎಂಬುದು ವರ್ಷಗಟ್ಟಲೆ ನೆನಪಿರುತ್ತದೆ. ಇದರಿಂದ ಸಾಲದ ಹೊರೆ ಹೊತ್ತ ಮನೆಗಳು ಕಡಿಮೆಯಿಲ್ಲ. ಆಯೇರಿಯನ್ನು ನಿಲ್ಲಿಸಿ ಎಂದು ಪತ್ರಿಕೆಯಲ್ಲೇ ಅಚ್ಚು ಹಾಕಿಸುವವರು ಸೀಮೆಗೆ ಉಪಕಾರ ಮಾಡುತ್ತಿದ್ದಾರೆ.

ಗುರುವಿನ ಮುಂದೆ

ಕುಂದಗೋಳ ಹಿಂದೂಸ್ತಾನಿ ಸಂಗೀತದ ಊರು. ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಇದ್ದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದು, ಅವರಿಗಿಂತ ಎತ್ತರದ ಜಾಗದಲ್ಲಿ ಕೂಡದಿರುವುದು, ವಾದ್ಯವನ್ನು ಕಾಲು ತಗಲದಂತೆ ಇಡುವುದು ಇವು ಅಲ್ಲಿಯ ನಡವಳಿಕೆಗಳು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು ಬಂದು ಬೆಳತನಕ ಕೂತು ಕೇಳುತ್ತಾರೆ. ರಾಗ ನಡೆದಿರುವಾಗ ಎದ್ದು ಓಡಾಡುವುದಿಲ್ಲ. ಟಿಕೆಟು ಕೊಂಡ ಪಟ್ಟಣದ ಸಭಿಕರು ಇವರಿಂದ ಕಲಿಯುವುದು ಬಹಳಿದೆ.

ಸಾವಿನ ಮನೆ

ಸುಖದ ಮನೆಯ ಕಟ್ಟಳೆಗಳು ಇಲ್ಲಿ ತಿರುವುಮುರುವಾಗುತ್ತವೆ. ಕರೆಯದೆ ಹೋಗಬೇಕು. ‘ಆರಾಮೇನ್ರಿ’ ಎಂದು ಕೇಳಬಾರದು. ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನದೆ, ಹೇಳದೆಯೇ ಏಳಬೇಕು. ‘ಸತ್ತರು’ ಎಂಬ ಮಾತಿಲ್ಲ. ‘ತೀರಿಕೊಂಡ್ರು’, ‘ಶಿವನ ಪಾದ ಸೇರಿದ್ರು’, ಲಿಂಗಾಯತರಲ್ಲಿ ‘ಲಿಂಗೈಕ್ಯರಾದ್ರು’ ಎನ್ನುತ್ತಾರೆ. ಒಲೆ ಹಚ್ಚದ ಆ ಮನೆಗೆ ನೆರೆಯವರೋ ಬೀಗರೋ ರೊಟ್ಟಿ ಬುತ್ತಿ ತರುತ್ತಾರೆ, ಒತ್ತಾಯ ಮಾಡಿ ಉಣಿಸುತ್ತಾರೆ. ಹೆಚ್ಚು ಮಾತಾಡದೆ ಸ್ವಲ್ಪ ಹೊತ್ತು ಕೂತು ಬಂದರೂ ಸಾಕು. ಹೋಗದೆ ಇದ್ದದ್ದನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಮರ್ಯಾದೆ ಯಾರಿಗೆ ಸಂದಿತು

ಮೇಲೆ ಹೇಳಿದ ಸೊಗಸೆಲ್ಲ ಊರಿನ ಎಲ್ಲರಿಗೂ ದಕ್ಕಿದ್ದಲ್ಲ. ಬಹುಕಾಲ ‘ರಿ’ ಎಂಬ ಅಕ್ಷರ ಜಾತಿ ನೋಡಿ ಹತ್ತುತ್ತಿತ್ತು. ಅರವತ್ತು ವರ್ಷದ ಕೂಲಿಯಾಳನ್ನು ಹೊಲದೊಡೆಯನ ಹತ್ತು ವರ್ಷದ ಮಗ ‘ಬಾರಲೇ’ ಎಂದು ಕರೆಯುತ್ತಿದ್ದ, ಆ ಮುದುಕ ಹುಡುಗನಿಗೆ ‘ಬಂದ್ನಿರಿ’ ಎನ್ನಬೇಕಿತ್ತು. ದಲಿತರು ಊರೊಳಗಿನ ಓಣಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆಯಬೇಕಿತ್ತು, ಚಹಾದಂಗಡಿಯಲ್ಲಿ ಅವರ ಲೋಟ ಬೇರೆ ಇರುತ್ತಿತ್ತು, ನೀರನ್ನು ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಬಂದವರಿಗೆ ಬೆಲ್ಲ ನೀರು ಕೊಡುವುದೇ ಧರ್ಮವೆಂದ ಸೀಮೆಯೇ ಇದನ್ನೂ ಮಾಡಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು; 1955ರ ಕಾಯ್ದೆ ಅದರ ಆಚರಣೆಯನ್ನು ಶಿಕ್ಷಾರ್ಹವಾಗಿಸಿತು; 1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆ ಬಂತು. ಅಂಗಡಿಯ ಬೇರೆ ಲೋಟದ ಮೇಲೆ ಕಾನೂನು ಕೈಹಾಕಬಲ್ಲದು. ಪಡಸಾಲೆಯ ‘ಒಳಗ ಬರ್ರಿ’ ಎಂಬ ಮಾತನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಈ ಕಟ್ಟಳೆಯನ್ನು ಮುರಿದವರೂ ಈ ನೆಲದವರೇ. ಹನ್ನೆರಡನೆಯ ಶತಮಾನದ ಶರಣರು ಸಂಬಂಧದ ಹೆಸರುಗಳನ್ನೇ ಹಿಡಿದು ಜಾತಿಯ ವಿರುದ್ಧ ಹೋರಾಡಿದರು. ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಮ್ಮ ಅಪ್ಪ, ಬೊಪ್ಪ ಎಂದು ಬಸವಣ್ಣನವರು ಕರೆದುಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಂದಗೋಳ ತಾಲ್ಲೂಕಿನ ಕಳಸದ ಬ್ರಾಹ್ಮಣ ಗೋವಿಂದಭಟ್ಟರು ಮುಸಲ್ಮಾನನಾದ ಶಿಶುನಾಳ ಶರೀಫನನ್ನು ಶಿಷ್ಯನಾಗಿ ಸ್ವೀಕರಿಸಿದರು. ಸ್ವಜಾತಿಯವರ ವಿರೋಧ ಕಟ್ಟಿಕೊಂಡು ಅವನನ್ನು ಮನೆಯೊಳಗೆ ಕರೆದು ಉಣಿಸಿದರು, ತಮ್ಮ ಕೈಯಾರೆ ಜನಿವಾರ ಹಾಕಿದರು ಎಂಬ ಕಥನ ಈ ಹಳ್ಳಿಗಳಲ್ಲಿ ಇಂದಿಗೂ ಅಭಿಮಾನದಿಂದ ಹೇಳುವಂಥದು. ಶರೀಫರ ಹಾಡನ್ನು ಜಾತ್ರೆಗಳಲ್ಲಿ ಹಾಡುವವರು ಗುರು ಒಳಗೆ ಕರೆದು ಉಣಿಸಿದ ಆ ಪಂಕ್ತಿಯನ್ನೂ ನೆನೆಯಬೇಕು.

ಆದ್ದರಿಂದಲೇ ಇಲ್ಲಿ ನೀರನ್ನು ನಿರಾಕರಿಸುವುದು ಸಣ್ಣ ಸಂಗತಿಯಲ್ಲ. ದಲಿತ ಕೇರಿಯ ಮನೆಯಲ್ಲಿ ಬಂದವರು ‘ಈಗ ಬ್ಯಾಡ್ರಿ’ ಎಂದರೆ ಆ ಮನೆಯವರಿಗೆ ಅದರ ಹಿಂದೆ ತಲೆಮಾರುಗಳ ಅರ್ಥ ಕೇಳಿಸುತ್ತದೆ. ಸಮೀಕ್ಷೆಗೆಂದು ಹೋದವರು ಬಾಟಲಿಯ ನೀರು ಕುಡಿಯುತ್ತ ಕಟ್ಟೆಯ ಮೇಲೇ ನಿಂತು ಪ್ರಶ್ನೆ ಕೇಳಿ ಬಂದರೆ, ತುಂಬಿ ತಂದ ನಮೂನೆಯಲ್ಲಿ ಏನೇ ಇರಲಿ, ಆ ಮನೆಗೆ ಅವಮಾನ ಆಗಿರುತ್ತದೆ.

ಇಂದಿನ ಸ್ಥಿತಿ

ಕರೆಯುವುದು ಮೊಬೈಲಿಗೆ ಬಂದಿದೆ. ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಬರುತ್ತದೆ, ಹತ್ತಿರದವರಿಗೆ ಮಾತ್ರ ಕುಂಕುಮ ಅಕ್ಷತೆ ಉಳಿದಿದೆ. ಬಂದವರ ಮುಂದೆ ಎಲೆ ಅಡಿಕೆಯ ಚೀಲ ಬಿಚ್ಚಿ ಉಪಚರಿಸುವವರು ಕಡಿಮೆಯಾಗಿದ್ದಾರೆ. ಹುಬ್ಬಳ್ಳಿ, ಧಾರವಾಡ, ಬೆಂಗಳೂರಿಗೆ ದುಡಿಯಲು ಹೋದವರು ‘ಸಾರ್’, ‘ಅಂಕಲ್’, ‘ಆಂಟಿ’ ತಂದಿದ್ದಾರೆ. ಶಾಲೆ ಕಲಿತ ಮಕ್ಕಳಿಗೆ ತಂದೆತಾಯಿಯೇ ‘ರಿ’ ಹಚ್ಚಿ ಮಾತಾಡುವ ಮನೆಗಳೂ ಇವೆ. ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಬೇರೆ ಬೇರೆ ಜಾತಿಯ ಹೆಣ್ಣುಮಕ್ಕಳು ಒಂದೇ ಜಮಖಾನೆಯ ಮೇಲೆ ಕೂತು ಒಬ್ಬರಿಗೊಬ್ಬರು ‘ಅಕ್ಕಾರ’ ಎನ್ನುತ್ತಿರುವುದು ಈ ಕಾಲದ ಒಳ್ಳೆಯ ಬದಲಾವಣೆಗಳಲ್ಲೊಂದು.

ಬಮ್ಮಿಗಟ್ಟಿಗೋ ಅಣ್ಣಿಗೇರಿಯ ಹಳ್ಳಿಗೋ ಹೊಸದಾಗಿ ಹೋಗುವವರು ಇಷ್ಟನ್ನು ನಡೆಸಿದರೆ ಸಾಕು: ಕೆಲಸದ ಮಾತಿಗೆ ಮೊದಲು ಕುಶಲ ಕೇಳಿ, ಯಾರ ಮನೆಯಲ್ಲಿ ಕೊಟ್ಟರೂ ನೀರು ಕುಡಿಯಿರಿ, ಬೆಳಗ್ಗೆ ಕೂಲಿಗೆ ಹೊರಟ ಮುದುಕಿಗೂ ಗೌಡರಿಗೆ ಹಚ್ಚಿದ ‘ರಿ’ಯನ್ನೇ ಹಚ್ಚಿ ಮಾತಾಡಿಸಿ.